ಸಕ್ಕರೆ ಕಾಯಿಲೆಯವರಿಗೆ ನಡಿಗೆ: ಹೊಲದ ದುಡಿಮೆ ಸಾಲದೆ?



ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ ವೈದ್ಯರು ಮಾತ್ರೆಯ ಚೀಟಿಯ ಜೊತೆಗೆ ಇನ್ನೊಂದು ಮಾತನ್ನೂ ಹೇಳಿ ಕಳುಹಿಸುತ್ತಾರೆ: "ದಿನವೂ ಅರ್ಧ ಗಂಟೆ ನಡೆಯಿರಿ." ಇದನ್ನು ಕೇಳಿ ನಮ್ಮ ಹಳ್ಳಿಗಳ ಅನೇಕರು ಒಳಗೊಳಗೇ ನಗುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ಮೈ ಮುರಿದು ದುಡಿಯುವವನಿಗೆ ನಡಿಗೆಯ ಪಾಠವೇಕೆ? ಅದು ಪೇಟೆಯಲ್ಲಿ ಕುರ್ಚಿಯ ಮೇಲೆ ಕುಳಿತವರಿಗೆ ಹೇಳಬೇಕಾದ ಮಾತಲ್ಲವೆ?

ಪ್ರಶ್ನೆ ನ್ಯಾಯವಾದುದೇ. ಆದುದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಿಮ್ಮ ಕೆಲಸವು ನಿಜವಾಗಿಯೂ ಉಸಿರು ಏರುವಂಥ ಕೆಲಸವಾಗಿದ್ದು, ವರ್ಷವಿಡೀ ಹೆಚ್ಚು ಕಡಮೆ ಪ್ರತಿದಿನವೂ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ನಡೆಯುವುದಾದರೆ, ಅದೇ ವ್ಯಾಯಾಮ. ಬೇರೆ ನಡಿಗೆ ಬೇಕಾಗಿಲ್ಲ. ಇದು ನಮ್ಮ ಮಾತು ಮಾತ್ರವಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ೫೩೧ ಜನರನ್ನು ಚೆನ್ನೈನ ವೈದ್ಯರು ವರ್ಷಗಟ್ಟಲೆ ಗಮನಿಸಿ ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ಅಲ್ಲಿ ಕುಳಿತು ಕೆಲಸ ಮಾಡುವವರಿಗೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲು ಹೇಳಿದರು. ಮೈಬಗ್ಗಿಸಿ ದುಡಿಯುವವರಿಗೆ, ದಿನವೂ ಅರ್ಧ ಗಂಟೆಗಿಂತ ಹೆಚ್ಚು ನಡೆಯುವ ಇಲ್ಲವೆ ಸೈಕಲ್ ತುಳಿಯುವವರಿಗೆ, ಇದ್ದುದನ್ನೇ ಮುಂದುವರಿಸಿ ಎಂದಷ್ಟೇ ಹೇಳಿದರು. ಊಟದ ಹತೋಟಿ ಮತ್ತು ಈ ಚಲನೆಗಳಿಂದ, ಏನೂ ಸಲಹೆಯಿಲ್ಲದೆ ಬಿಟ್ಟವರಿಗಿಂತ ಇವರಲ್ಲಿ ಕಾಯಿಲೆ ತಗಲುವ ಸಂಭವವು ನೂರಕ್ಕೆ ೨೮ರಷ್ಟು ಕಡಮೆಯಾಯಿತು.

ಆದರೆ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಬೇಕು. ಉಳುಮೆಗೆ ಟ್ರಾಕ್ಟರು ಬಂತು, ಕೊಯ್ಲಿಗೆ ಯಂತ್ರ ಬಂತು. ಪಂಪಿನ ಗುಂಡಿಯನ್ನು ಮನೆಯ ಜಗಲಿಯಿಂದಲೇ ಮೊಬೈಲಿನಲ್ಲಿ ಒತ್ತುವವರೂ ಉಂಟು. ಹೊಲಕ್ಕೆ ಮೋಟಾರ್ ಸೈಕಲಿನಲ್ಲಿ ಹೋಗಿ, ಬದುವಿನ ಮೇಲೆ ನಿಂತು ಆಳುಗಳಿಗೆ ಕೆಲಸ ಹೇಳಿ, ಹೋಟೆಲಿನಲ್ಲಿ ಟೀ ಕುಡಿದು ಬರುವುದು ದುಡಿಮೆಯೇನೋ ಹೌದು. ಮಾಂಸಖಂಡಗಳ ಲೆಕ್ಕದಲ್ಲಿ ಅದು ದುಡಿಮೆಯಲ್ಲ. ಹಿಂದಿನ ತಲೆಮಾರಿನವರು ನೇಗಿಲ ಹಿಂದೆ ದಿನಕ್ಕೆ ಎಷ್ಟು ಹರದಾರಿ ನಡೆಯುತ್ತಿದ್ದರೋ ಅದರಲ್ಲಿ ಕಾಲು ಭಾಗವನ್ನೂ ನಾವು ಇಂದು ನಡೆಯುವುದಿಲ್ಲವೆಂದು ನಮ್ಮ ಅಂದಾಜು. ಊಟದ ಪ್ರಮಾಣ ಮಾತ್ರ ಆಗಿನಷ್ಟೇ ಉಳಿದಿದೆ.

ಇದು ಪೇಟೆಯವರ ಕಾಯಿಲೆ ಎಂಬ ಭಾವನೆಯನ್ನೂ ಬಿಡತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಲ್ಲೆಲ್ಲ ನಡೆದ ಪರೀಕ್ಷೆಯ ಫಲ ೨೦೨೩ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ಜನರಿಗೆ ಸಕ್ಕರೆ ಕಾಯಿಲೆಯಿದೆ. ಹಳ್ಳಿಗಳ ವಯಸ್ಕರಲ್ಲಿಯೇ ನೂರಕ್ಕೆ ಸುಮಾರು ೯ ಮಂದಿ.

ಇನ್ನು ನಡಿಗೆ ಮಾಡುವ ಉಪಕಾರ ಯಾವ ಬಗೆಯದು ಎಂಬುದನ್ನು ನೋಡೋಣ. ನೀರಾವರಿಯ ಬಗ್ಗೆ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಾವು ಉಂಡ ಮುದ್ದೆ, ಅನ್ನ, ರೊಟ್ಟಿ ಎಲ್ಲವೂ ಹೊಟ್ಟೆಯಲ್ಲಿ ಅರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ರಕ್ತವು ಕಾಲುವೆ, ಮಾಂಸಖಂಡಗಳು ಗದ್ದೆಗಳು. ಕಾಲುವೆಯ ನೀರು ಗದ್ದೆಗೆ ಹರಿಯಬೇಕಾದರೆ ತೂಬು ತೆರೆಯಬೇಕು. ಆ ತೂಬನ್ನು ತೆರೆಯುವ ಆಳು ಇನ್ಸುಲಿನ್ ಎಂಬ ರಸ; ಇದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತದೆ. ಎರಡನೆಯ ವಿಧದ ಸಕ್ಕರೆ ಕಾಯಿಲೆಯಲ್ಲಿ, ಅಂದರೆ ನಡುವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವ ಕಾಯಿಲೆಯಲ್ಲಿ, ತೂಬುಗಳು ತುಕ್ಕು ಹಿಡಿದಂತಾಗುತ್ತವೆ. ಆಳು ಎಷ್ಟು ತಿರುವಿದರೂ ಬಾಗಿಲು ಪೂರ್ತಿ ತೆರೆಯದು. ಗದ್ದೆ ಒಣಗುತ್ತದೆ, ಕಾಲುವೆ ಉಕ್ಕುತ್ತದೆ. ಮೈಯಲ್ಲಿ ಸಕ್ಕರೆ ತುಂಬಿದ್ದರೂ ಸುಸ್ತು, ಹಸಿವು ತೀರದಿರುವುದು ಇದರಿಂದಲೇ. ವರ್ಷಗಳು ಕಳೆದಂತೆ ತಿರುವಿ ತಿರುವಿ ಆಳೂ ಸೋಲುತ್ತಾನೆ.

ಈಗ ಮುಖ್ಯವಾದ ವಿಷಯ. ಮಾಂಸಖಂಡವು ಕೆಲಸದಲ್ಲಿ ತೊಡಗಿದಾಗ ತೂಬನ್ನು ತಾನೇ ಒಳಗಿನಿಂದ ತೆರೆದುಕೊಳ್ಳುತ್ತದೆ. ಆಗ ಅದಕ್ಕೆ ಇನ್ಸುಲಿನ್ನಿನ ಕೈ ಅಷ್ಟಾಗಿ ಬೇಕಾಗುವುದಿಲ್ಲ. ಅಲ್ಲದೆ ಕೆಲಸ ನಿಂತ ಮೇಲೆಯೂ ತುಕ್ಕು ಕೆಲಕಾಲ ಸಡಿಲವಾಗಿಯೇ ಇರುತ್ತದೆ. ಒಂದು ದಿನ, ಹೆಚ್ಚೆಂದರೆ ಎರಡು ಮೂರು ದಿನ. ಆಮೇಲೆ ಮೊದಲಿನಂತೆಯೇ ಬಿಗಿಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ನಾಟಿಯ ಹದಿನೈದು ದಿನ ಬೆನ್ನು ಬಾಗಿಸಿ ದುಡಿದು, ಪೈರು ತೆನೆಗಟ್ಟುವವರೆಗೆ ಜಗಲಿಯ ಮೇಲೆ ಕಾಲ ಕಳೆದರೆ, ಆ ಹದಿನೈದು ದಿನಗಳ ದುಡಿಮೆಯನ್ನು ಕಣಜದಲ್ಲಿ ತುಂಬಿಟ್ಟ ರಾಗಿಯಂತೆ ಮುಂದಿನ ತಿಂಗಳಿಗೆ ಉಳಿಸಿಕೊಳ್ಳಲಾಗದು. ಬೇಸಾಯದ ಕೆಲಸ ಋತುವನ್ನು ನೋಡಿ ಬರುತ್ತದೆ. ಊಟ ಮಾತ್ರ ದಿನವೂ ಬರುತ್ತದೆ.

ಯಾವ ವ್ಯಾಯಾಮ, ಎಷ್ಟು? ಏರೋಬಿಕ್ ಎಂದು ವೈದ್ಯರು ಹೇಳುವುದು, ಕೈಕಾಲುಗಳ ದೊಡ್ಡ ಮಾಂಸಖಂಡಗಳನ್ನು ಒಂದೇ ಲಯದಲ್ಲಿ ಸ್ವಲ್ಪ ಹೊತ್ತು ಆಡಿಸುತ್ತಾ, ಉಸಿರು ಮತ್ತು ಎದೆಬಡಿತ ಮಿತವಾಗಿ ಏರುವಂತೆ ಮಾಡುವ ಕೆಲಸಕ್ಕೆ. ನಡಿಗೆ, ಸೈಕಲ್, ಈಜು ಎಲ್ಲವೂ ಈ ಜಾತಿಯವು. ಅಳತೆಗೆ ಗಡಿಯಾರವೂ ಬೇಡ, ಯಂತ್ರವೂ ಬೇಡ. ನಡೆಯುತ್ತಾ ಪಕ್ಕದವನೊಡನೆ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಹಾಡು ಬರುವುದಾದರೆ ನಡಿಗೆ ಸಾಲದು. ಮಾತೇ ನಿಲ್ಲುವುದಾದರೆ ಹೆಚ್ಚಾಯಿತು. ವಾರಕ್ಕೆ ಒಟ್ಟು ೧೫೦ ನಿಮಿಷವಾದರೆ ಸಾಕು. ಬಹುಕಾಲದಿಂದ ನಡೆಯದೆ ಇದ್ದವರು ಐದು ಅಥವಾ ಹತ್ತು ನಿಮಿಷದಿಂದ ಆರಂಭಿಸಿ, ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಲಿ. ಮೊದಲನೆಯ ದಿನವೇ ಮೂರು ಮೈಲಿ ನಡೆದು, ಎರಡನೆಯ ದಿನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕುಳಿತು, ಮೂರನೆಯ ದಿನದಿಂದ ಅತ್ತ ಸುಳಿಯದವರೇ ಹೆಚ್ಚು.

ಮೊಣಕಾಲು ನೋವಿನವರು ಕುರ್ಚಿಯ ಮೇಲೆ ಕುಳಿತು, ಒಂದಾದ ಮೇಲೊಂದು ಕಾಲನ್ನು ನೀಟಾಗಿ ಚಾಚಿ ಮಡಿಸುವುದು, ಕುಳಿತಲ್ಲೇ ನಡೆಯುವಂತೆ ಪಾದ ಎತ್ತಿ ಇಡುವುದು, ಕೈಗಳನ್ನು ಬೀಸುವುದು ಇವನ್ನು ಹತ್ತು ನಿಮಿಷ ಮಾಡಬಹುದು. ಇದೂ ಉಪಯೋಗಕ್ಕೆ ಬರುತ್ತದೆ.

ಒಂದೇ ಸಲ ಅರ್ಧ ಗಂಟೆ ಸಿಗದಿದ್ದರೆ ಚಿಂತೆಯಿಲ್ಲ. ಬಿಡಿ ಬಿಡಿಯಾಗಿ ನಡೆಯುವುದರಲ್ಲಿಯೇ ಒಂದು ಲಾಭವಿದೆ. ನ್ಯೂಜಿಲೆಂಡ್ ದೇಶದ ಒಟಾಗೋ ವಿಶ್ವವಿದ್ಯಾನಿಲಯದವರು ಈ ಕಾಯಿಲೆಯ ೪೧ ಜನರನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಸಂಗತಿ ಇದು: ದಿನಕ್ಕೊಮ್ಮೆ ಯಾವಾಗಲಾದರೂ ೩೦ ನಿಮಿಷ ನಡೆಯುವುದಕ್ಕಿಂತ, ಮೂರು ಹೊತ್ತಿನ ಊಟವಾದ ಕೂಡಲೆ ೧೦ ನಿಮಿಷದಂತೆ ನಡೆದಾಗ, ಊಟದ ನಂತರ ಏರುವ ಸಕ್ಕರೆ ಸರಾಸರಿ ನೂರಕ್ಕೆ ೧೨ರಷ್ಟು ಕಡಮೆಯಿತ್ತು. ರಾತ್ರಿಯ ಊಟದ ನಂತರವಂತೂ ನೂರಕ್ಕೆ ೨೨ರಷ್ಟು. ನಮ್ಮಲ್ಲಿ ದೊಡ್ಡ ಊಟ ಯಾವುದು? ರಾತ್ರಿಯದು. ಆಮೇಲೆ ನಾವು ಮಾಡುವುದೇನು? ಟೆಲಿವಿಷನ್ನಿನ ಮುಂದೆ ಒರಗುವುದು, ಇಲ್ಲವೆ ಚಾಪೆ ಬಿಡಿಸುವುದು. ಕಾಲುವೆಗೆ ನೀರು ಬಿಟ್ಟು ತೂಬು ಮುಚ್ಚಿದಂತೆ ಇದು. ಎಲ್ಲ ಬಿಟ್ಟರೂ ರಾತ್ರಿಯ ಊಟದ ಮೇಲಿನ ಹತ್ತು ನಿಮಿಷವನ್ನು ಬಿಡಬೇಡಿ ಎಂದು ನಾವು ಒತ್ತಿ ಹೇಳುತ್ತೇವೆ. ಕತ್ತಲಲ್ಲಿ ಹಾವಿನ ಭಯವಿದ್ದರೆ ಮನೆಯ ಅಂಗಳದಲ್ಲಿ, ದೇವಸ್ಥಾನದ ಮುಂದಿನ ಬಯಲಿನಲ್ಲಿ, ದೀಪವಿರುವ ಬೀದಿಯಲ್ಲಿ ಸುತ್ತಿ ಬರಬಹುದು. ಟಾರು ರಸ್ತೆಯಲ್ಲಿ ನಡೆಯುವವರು ಎದುರಿಗೆ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಕೈಯಲ್ಲಿ ಟಾರ್ಚಿರಲಿ, ಮೈಮೇಲೆ ಬಿಳಿಯ ಬಟ್ಟೆಯಿರಲಿ.

ಹಾಲು ಹಾಕುವ ಮನೆಗಳಿಗೆ ಒಂದು ಅನುಕೂಲವಿದೆ. ಊರಿನ ಹಾಲು ಉತ್ಪಾದಕರ ಸಂಘವು ಬೆಳಿಗ್ಗೆ ಸಂಜೆ ಎರಡು ಹೊತ್ತು ಗೊತ್ತಾದ ವೇಳೆಗೆ ತೆರೆಯುತ್ತದೆ. ಐದು ಲೀಟರು ಹಾಲಿಗಾಗಿ ಎರಡು ಫರ್ಲಾಂಗು ಮೋಟಾರ್ ಸೈಕಲ್ ಓಡಿಸುವುದನ್ನು ಬಿಟ್ಟು ಕ್ಯಾನು ಹಿಡಿದು ನಡೆದರೆ, ಮರೆಯದಂತೆ ದಿನಕ್ಕೆರಡು ನಡಿಗೆ ತಾನಾಗಿಯೇ ಆಯಿತು. ದೂರ ಸಾಲದಿದ್ದರೆ ಬರುವಾಗ ಊರ ಸುತ್ತಿನ ದಾರಿ ಹಿಡಿಯಿರಿ. "ಕೆಲಸವಿಲ್ಲದೆ ತಿರುಗುತ್ತಾನೆ" ಎಂದು ಆಡಿಕೊಳ್ಳುವವರ ಬಾಯಿಗೂ ಕ್ಯಾನು ಒಳ್ಳೆಯ ಉತ್ತರ. ಹೆಂಗಸರಿಗೆ ಈ ಆಡಿಕೊಳ್ಳುವಿಕೆಯ ಕಾಟ ಇನ್ನೂ ಹೆಚ್ಚು. ನಾಲ್ಕು ಜನ ಕೂಡಿ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಸ್ವಸಹಾಯ ಸಂಘದ ಗೆಳತಿಯರು ಒಟ್ಟಾಗಿ ಹೊರಡಬಹುದು. ಮನೆಯಲ್ಲಿ ಬೆಳಗಿನಿಂದ ನಿಂತೇ ಇರುತ್ತೇವೆ ಎಂದು ಅವರು ಹೇಳುವುದು ನಿಜವೇ. ಆದರೆ ಒಲೆಯ ಮುಂದೆ ನಿಲ್ಲುವುದರಿಂದ ಕಾಲು ನೋಯುತ್ತದೆಯೇ ಹೊರತು ಉಸಿರು ಏರುವುದಿಲ್ಲ. ಹುಲ್ಲಿನ ಹೊರೆ ಹೊತ್ತು ಬರುವುದು, ನೀರು ಸೇದುವುದು, ಕಸ ಗುಡಿಸಿ ಕೊಟ್ಟಿಗೆ ಬಳಿಯುವುದು ಲೆಕ್ಕಕ್ಕೆ ಬರುತ್ತವೆ.

ಈ ಸಲಹೆ ಹೊಸದಲ್ಲವೆಂಬುದು ನಿಮಗೆ ಸೋಜಿಗವೆನಿಸಬಹುದು. ಆಯುರ್ವೇದದ ಸುಶ್ರುತ ಸಂಹಿತೆಯಲ್ಲಿ ಪ್ರಮೇಹ ರೋಗದ ಬಡವನಿಗೆ ನೂರು ಯೋಜನ ನಡೆಯಲು, ಬಾವಿ ತೋಡಲು ಹೇಳಿದೆ. ಆದರೆ ಕಾಲಿಗೆ ಪಾದರಕ್ಷೆಯಿಲ್ಲದೆ ನಡೆಯಬೇಕೆಂದೂ ಅಲ್ಲಿ ಹೇಳಿದೆ. ಆ ಒಂದು ಮಾತನ್ನು ಮಾತ್ರ ನಾವು ಇಂದು ಒಪ್ಪಿಕೊಳ್ಳಲಾಗದು. ಕಾರಣವನ್ನು ಮುಂದೆ ಹೇಳಿದೆ.

ನಡಿಗೆಯಿಂದ ಅಪಾಯವೂ ಉಂಟೆ? ಉಂಟು, ಮುಖ್ಯವಾಗಿ ಎರಡು. ಇವನ್ನು ತಿಳಿಯದೆ ಹೊಲಕ್ಕಿಳಿಯುವುದು ತರವಲ್ಲ.

ಮೊದಲನೆಯದು, ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಬಹಳ ಕೆಳಗಿಳಿಯುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆ ನುಂಗುವವರು ಇದಕ್ಕೆ ಈಡಾಗುತ್ತಾರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಇದು ಅಪರೂಪ. ಹೇಗಾಗುತ್ತದೆ ನೋಡಿ. ನಾಟಿಯ ಕಾಲ. ಆಳುಗಳು ಕಾಯುತ್ತಿದ್ದಾರೆ. ಯಜಮಾನನು ವೈದ್ಯರು ಹೇಳಿದಂತೆ ಬೆಳಗಿನ ಮಾತ್ರೆ ನುಂಗಿ, "ಊಟ ಗದ್ದೆಗೇ ಬರಲಿ" ಎಂದು ಬರಿಯ ಕಾಫಿ ಕುಡಿದು ಹೊರಡುತ್ತಾನೆ. ಬುತ್ತಿ ಬರುವುದು ಹನ್ನೊಂದಕ್ಕೆ. ಮಾತ್ರೆ ಒಂದು ಕಡೆಯಿಂದ ಸಕ್ಕರೆಯನ್ನು ಇಳಿಸುತ್ತಿದೆ, ಕೆಸರಿನಲ್ಲಿ ಕಾಲೆತ್ತಿ ಹಾಕುವ ದುಡಿಮೆ ಇನ್ನೊಂದು ಕಡೆಯಿಂದ ಇಳಿಸುತ್ತಿದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಹತ್ತರ ಹೊತ್ತಿಗೆ ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜು. ಮಾತು ತೊದಲುತ್ತದೆ, ಸುಮ್ಮಸುಮ್ಮನೆ ಸಿಡುಕು ಬರುತ್ತದೆ. ನೋಡಿದವರು ಬಿಸಿಲು ತಾಗಿತು ಎನ್ನುತ್ತಾರೆ, ಇಲ್ಲವೆ ಬೆಳಿಗ್ಗೆಯೇ ಕುಡಿದಿದ್ದಾನೆ ಎನ್ನುತ್ತಾರೆ. ಮರದ ನೆರಳಿನಲ್ಲಿ ಮಲಗಿಸಿ "ಸ್ವಲ್ಪ ನಿದ್ದೆ ಮಾಡಲಿ" ಎಂದು ಬಿಟ್ಟು ಹೋದರೆ ಪ್ರಾಣಕ್ಕೇ ಮುಳುವಾಗಬಹುದು.

ಆದುದರಿಂದ ಇಂಥ ಮಾತ್ರೆಯವರು, ಇನ್ಸುಲಿನ್ನಿನವರು ಖಾಲಿ ಹೊಟ್ಟೆಯಲ್ಲಿ ದುಡಿಮೆಗೂ ಇಳಿಯಬಾರದು, ನಡಿಗೆಗೂ ಹೊರಡಬಾರದು. ಅಂಗಿಯ ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಸಕ್ಕರೆಯ ಪೊಟ್ಟಣ ಸದಾ ಇರಲಿ. ಮೇಲೆ ಹೇಳಿದ ಲಕ್ಷಣ ಕಂಡೊಡನೆ ಕೆಲಸ ನಿಲ್ಲಿಸಿ, ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಅಷ್ಟೇ ಕುಡಿದು, ಆಮೇಲೆ ಊಟ ಮಾಡಿ. "ಸಕ್ಕರೆ ಕಾಯಿಲೆಯವನಿಗೆ ಸಕ್ಕರೆಯೇ?" ಎಂದು ಆಗ ವಾದ ಮಾಡುತ್ತಾ ಕೂರಬೇಡಿ. ರಕ್ತ ಪರೀಕ್ಷೆಯ ಸಣ್ಣ ಯಂತ್ರ ಮನೆಯಲ್ಲಿದ್ದರೆ ೭೦ಕ್ಕಿಂತ ಕೆಳಗೆ ತೋರಿಸುವುದನ್ನು ಕಾಣಬಹುದು. ಯಂತ್ರವಿಲ್ಲದಿದ್ದರೆ ಲಕ್ಷಣವನ್ನೇ ನಂಬಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರದು; ಅದು ಶ್ವಾಸಕ್ಕೆ ಹೋಗುತ್ತದೆ. ಅಂಥವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ ೧೦೮ಕ್ಕೆ ಕರೆಮಾಡಿ. ಈ ಸಂಗತಿ ರೋಗಿಯೊಬ್ಬನಿಗೆ ಗೊತ್ತಿದ್ದರೆ ಸಾಲದು. ಜೊತೆಯಲ್ಲಿ ದುಡಿಯುವವರಿಗೂ ಮನೆಯವರಿಗೂ ಗೊತ್ತಿರಬೇಕು. ಇನ್ನೊಂದು ಮಾತು: ಹಗಲು ವಿಪರೀತ ದುಡಿದ ದಿನ ಸಕ್ಕರೆಯು ರಾತ್ರಿ ನಿದ್ದೆಯಲ್ಲಿ ಇಳಿಯುವುದುಂಟು. ಅಂಥ ರಾತ್ರಿ ಸುಸ್ತಾಯಿತೆಂದು ಊಟ ಬಿಟ್ಟು ಮಲಗುವುದು ಕೂಡದು. ಏಕಾದಶಿ, ರಂಜಾನ್ ಮೊದಲಾದ ಉಪವಾಸಗಳನ್ನು ಹಿಡಿಯುವವರು ಮಾತ್ರೆಯ ವಿಷಯವನ್ನು ಮುಂಚಿತವಾಗಿಯೇ ವೈದ್ಯರಲ್ಲಿ ಕೇಳತಕ್ಕದ್ದು. ಇನ್ಸುಲಿನ್ನನ್ನು ತೊಡೆಗೆ ಚುಚ್ಚಿಕೊಂಡು ಕೂಡಲೆ ನಡೆದರೆ ಅದು ಬೇಗ ರಕ್ತಕ್ಕೆ ಹತ್ತುತ್ತದೆ. ಅಂಥ ಹೊತ್ತಿನಲ್ಲಿ ಹೊಟ್ಟೆಯ ಭಾಗ ಮೇಲು.

ಎರಡನೆಯ ಅಪಾಯ ಪಾದಗಳದು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದವರಲ್ಲಿ ಪಾದದ ನರಗಳು ಸತ್ತಂತಾಗಿ ಸ್ಪರ್ಶ ತಿಳಿಯದಾಗುತ್ತದೆ. ಜಾಲಿಯ ಮುಳ್ಳು ನೆಟ್ಟರೂ ನೋಯದು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದು. ನೋವು ಇಲ್ಲವೆಂದು ನಡೆಯುತ್ತಲೇ ಇರುತ್ತಾರೆ, ಮುಳ್ಳು ಒಳಗೇ ಕೀವಾಗುತ್ತದೆ. ಕೆಸರಿನಲ್ಲಿ ನೆನೆದ ಗಾಯ ಬೇಗ ಮಾಯದು. ಬೆರಳಿನಲ್ಲಿ ಆರಂಭವಾದುದು ಕಾಲನ್ನೇ ತೆಗೆಸಿಕೊಳ್ಳುವಲ್ಲಿಗೆ ಮುಟ್ಟುವುದುಂಟು. ಬೇಸಾಯಗಾರನಿಗೆ ಕಾಲು ಹೋದರೆ ಉಳಿಯುವುದೇನು?

ನಿಮ್ಮ ಪಾದದಲ್ಲಿ ಸ್ಪರ್ಶ ಇದೆಯೋ ಇಲ್ಲವೋ ಮನೆಯಲ್ಲಿಯೇ ನೋಡಬಹುದು. ನೀವು ಮಲಗಿ ಕಣ್ಣು ಮುಚ್ಚಿಕೊಳ್ಳಿ. ಮನೆಯವರೊಬ್ಬರು ತಮ್ಮ ತೋರುಬೆರಳಿನ ತುದಿಯಿಂದ ನಿಮ್ಮ ಎರಡು ಪಾದಗಳ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒತ್ತದೆ, ಒಂದೆರಡು ಕ್ಷಣ ಮೆಲ್ಲಗೆ ಮುಟ್ಟಲಿ. ಮುಟ್ಟಿದಾಗಲೆಲ್ಲ "ಎಡ", "ಬಲ" ಎಂದು ಹೇಳಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದೆ ಹೋದರೆ ಪಾದಕ್ಕೆ ಅಪಾಯವಿದೆಯೆಂದು ತಿಳಿದು ವೈದ್ಯರಿಗೆ ತೋರಿಸಿ.

ಸ್ಪರ್ಶ ಇದ್ದವರೂ ಇಲ್ಲದವರೂ ಬರಿಗಾಲಿನಲ್ಲಿ ನಡೆಯಬಾರದು. ನಡಿಗೆಗೆ ಹಿಂಬದಿ ಪಟ್ಟಿಯಿರುವ, ಮೆತ್ತನೆಯ ಅಟ್ಟೆಯ ಚಪ್ಪಲಿ ಅಥವಾ ಅಗಲ ಮೂತಿಯ ಬೂಟು ಒಳ್ಳೆಯದು. ಮೆಟ್ಟುವ ಮೊದಲು ತಲೆಕೆಳಗು ಮಾಡಿ ಕೊಡವಿರಿ. ಒಳಗೆ ಕಲ್ಲಿರಬಹುದು, ಚೇಳೂ ಇರಬಹುದು. ಹೊಸದನ್ನು ಸಂಜೆ ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ರಾತ್ರಿ ಮಲಗುವ ಮುಂಚೆ ಬೆರಳ ಸಂದುಗಳನ್ನು ಒರಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ ಅಥವಾ ಮೊಮ್ಮಕ್ಕಳಿಂದ ನೋಡಿಸಿ. ಗದ್ದೆಯ ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ ಎಂಬುದು ನಮಗೂ ಗೊತ್ತು. ಉದ್ದನೆಯ ರಬ್ಬರ್ ಬೂಟು ದೊರೆತರೆ ಸರಿ. ಪಾದದಲ್ಲಿ ಗಾಯವಿದ್ದಷ್ಟು ದಿನ ಕೆಸರಿಗಿಳಿಯದಿರುವುದೇ ಕ್ಷೇಮ. ನಡಿಗೆಯನ್ನೂ ನಿಲ್ಲಿಸಿ, ಕುಳಿತು ಮಾಡುವ ವ್ಯಾಯಾಮ ಮಾಡಿ. ಮಲೆ ಮಹದೇಶ್ವರನ ಬೆಟ್ಟಕ್ಕೋ, ಧರ್ಮಸ್ಥಳಕ್ಕೋ, ಶ್ರೀಶೈಲಕ್ಕೋ ಪಾದಯಾತ್ರೆ ಹೊರಡುವ ಭಕ್ತರಿಗೂ ಇದೇ ಮಾತು. ಬೇಸಗೆಯ ಟಾರು ರಸ್ತೆಯ ಮೇಲೆ ಸ್ಪರ್ಶವಿಲ್ಲದ ಪಾದ ಸುಟ್ಟು ಬೊಬ್ಬೆಯೆದ್ದರೂ ಅರಿವಾಗದು. ದೇವರು ಚಪ್ಪಲಿ ಮೆಟ್ಟಿ ಬಂದವರನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಅದನ್ನು ಗುಡಿಯ ಬಾಗಿಲಲ್ಲಿ ಬಿಟ್ಟರಾಯಿತು.

ಇತರ ಎಚ್ಚರಿಕೆಗಳನ್ನು ಚಿಕ್ಕದಾಗಿ ಹೇಳುತ್ತೇವೆ. ನಡೆಯುವಾಗ ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ಮಿತಿಮೀರಿದ ಏದುಸಿರು ಬಂದರೆ ಕೂಡಲೆ ನಿಂತು ಆಸ್ಪತ್ರೆಗೆ ಹೋಗಿ. ಕಣ್ಣಿನ ಹಿಂಪರದೆಯಲ್ಲಿ ರಕ್ತಸ್ರಾವವಾದವರು ಉಸಿರು ಬಿಗಿಹಿಡಿದು ಮೂಟೆ ಎತ್ತಬಾರದು. ಸಮದಾರಿಯ ನಡಿಗೆ ಮೆಲ್ಲಗೆ ನಡೆಯಲಿ. ರಕ್ತದ ಸಕ್ಕರೆ ೩೦೦ ದಾಟಿ ಮೈಯೂ ಸರಿಯಿಲ್ಲದಿದ್ದರೆ, ಜ್ವರ ವಾಂತಿ ಇದ್ದರೆ, ಅಂದು ವ್ಯಾಯಾಮ ಬೇಡ, ವೈದ್ಯರು ಬೇಕು.

ನಡಿಗೆ ಹಿಡಿದ ಮೇಲೆ ಸಕ್ಕರೆ ಇಳಿಯಿತೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಕಡಮೆ ಮಾಡಬಹುದಾದರೆ ವೈದ್ಯರೇ ಮಾಡುತ್ತಾರೆ. ಮೂವತ್ತು ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತು ಉಪಕೇಂದ್ರದಲ್ಲಿ ಸಕ್ಕರೆ ಹಾಗೂ ರಕ್ತದ ಒತ್ತಡದ ಪರೀಕ್ಷೆ ಹಣವಿಲ್ಲದೆ ನಡೆಯುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಲ್ಲಿ ಯಂತ್ರವಿದ್ದರೆ ಒಂದು ದಿನ ರಾತ್ರಿ ಉಂಡು ಕುಳಿತು, ಇನ್ನೊಂದು ದಿನ ಅದೇ ಊಟ ಉಂಡು ನಡೆದು, ಎರಡು ಗಂಟೆಯ ಮೇಲೆ ಅಳೆದು ನೋಡಿ. ನಡಿಗೆಯಿಂದ ಆಗುವ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ವೈದ್ಯರ ಬಳಿಗೆ ಹೋದಾಗ ನಿಮ್ಮ ಬೇಸಾಯದ ಕೆಲಸದ ವಿವರವನ್ನೂ ಕೊಡಿ. ನಾಟಿ ಯಾವ ತಿಂಗಳು, ಕೊಯ್ಲು ಒಕ್ಕಣೆ ಯಾವಾಗ, ಆ ದಿನಗಳಲ್ಲಿ ಎಷ್ಟು ಹೊತ್ತು ದುಡಿಯುತ್ತೀರಿ, ಬುತ್ತಿ ಎಷ್ಟು ಗಂಟೆಗೆ ಬರುತ್ತದೆ, ಯಾವ ತಿಂಗಳುಗಳಲ್ಲಿ ಕೈಗೆ ಕೆಲಸವಿರುವುದಿಲ್ಲ ಎಂಬುದನ್ನೆಲ್ಲ ಹೇಳಿ. ಅದನ್ನು ನೋಡಿ ಅವರು ಮಾತ್ರೆಯ ಪ್ರಮಾಣವನ್ನೂ ವೇಳೆಯನ್ನೂ ಹೊಂದಿಸಬಲ್ಲರು. ಅವರು ಕೇಳದಿದ್ದರೆ ನೀವೇ ಹೇಳಿ.